ನರಕಕ್ಕೆ ಕಾವಲು ಯಾರು?

ಬುದ್ಧನನ್ನು ಮೆಚ್ಚುವ ನಮ್ಮ ಓದುಗರಲ್ಲಿ ಒಂದು ನಂಬಿಕೆ ಬಲವಾಗಿದೆ. ನರಕವೆಂಬುದು ಪುರಾಣಿಕರ ಸೃಷ್ಟಿ, ಪುರೋಹಿತರ ಬೆದರಿಕೆ. ಬುದ್ಧ ವಿಚಾರವಂತ, ಅವನಿಗೆ ಅದರ ಗೊಡವೆಯೇ ಇರಲಿಲ್ಲ ಎಂದು. ಇದಕ್ಕೆ ತದ್ವಿರುದ್ಧವಾಗಿ ಹಳೆಯ ತಲೆಮಾರಿನ ಅನೇಕರು ಹೇಳುವ ಮಾತೂ ಇದೆ: ನರಕದ ಭಯ ಹೋದದ್ದರಿಂದಲೇ ಕಾಲ ಕೆಟ್ಟಿತು, ಗರುಡ ಪುರಾಣ ಕೇಳಿ ಬೆಳೆದವರು ತಪ್ಪು ಮಾಡಲು ಅಂಜುತ್ತಿದ್ದರು ಎಂದು. ಗ್ರಂಥಗಳನ್ನು ಬಿಡಿಸಿಕೊಂಡು ಕೂತರೆ ಎರಡು ಮಾತೂ ನಿಲ್ಲುವುದಿಲ್ಲ. ಬೌದ್ಧರಲ್ಲಿ ನರಕವಿದೆ, ಬಲು ವಿವರವಾಗಿಯೇ ಇದೆ. ಅದರ ವರ್ಣನೆ ಕೇಳಿದವರೆಲ್ಲ ಒಳ್ಳೆಯವರಾದರು ಎಂಬುದನ್ನು ಬೌದ್ಧರ ಒಂದು ಹಳೆಯ ಕತೆಯೇ ಸುಳ್ಳು ಮಾಡುತ್ತದೆ.

ಮೊದಲು ಹೆಸರುಗಳನ್ನೇ ನೋಡಬಹುದು. ಬೌದ್ಧ ಅಭಿಧರ್ಮ ಎಣಿಸುವ ಎಂಟು ಉಷ್ಣ ನರಕಗಳು ಇವು: ಸಂಜೀವ, ಕಾಲಸೂತ್ರ, ಸಂಘಾತ, ರೌರವ, ಮಹಾರೌರವ, ತಪನ, ಪ್ರತಾಪನ, ಅವೀಚಿ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ 21 ನರಕಗಳ ಪಟ್ಟಿಯಿದೆ. ಈ ಎಂಟೂ, ಕೆಲವು ತುಸು ರೂಪ ಬದಲಿಸಿಕೊಂಡು, ಆ ಪಟ್ಟಿಯೊಳಗೆ ಸಿಗುತ್ತವೆ. ಸಿಟ್ಟಿನಲ್ಲಿ ನಮ್ಮ ಬಾಯಿಗೆ ಸಲೀಸಾಗಿ ಬರುವ ರೌರವ ನರಕ ಇಬ್ಬರ ಆಸ್ತಿ. ಒಂದೇ ನೆಲದಲ್ಲಿ, ಒಂದೇ ಬಗೆಯ ರಾಜರ ಕೈಕೆಳಗೆ ಬಾಳಿದ ಎರಡು ಪರಂಪರೆಗಳು ಒಂದೇ ನಕ್ಷೆಯನ್ನು ಹಂಚಿಕೊಂಡಿವೆ. ಹಾಗಿದ್ದಮೇಲೆ ಯಾರ ನರಕ ಕ್ರೂರ, ಯಾರದು ಸೌಮ್ಯ ಎಂದು ತೂಗುವುದರಿಂದ ಏನೂ ಹುಟ್ಟುವುದಿಲ್ಲ. ಕೇಳಬೇಕಾದದ್ದು, ಆ ನಕ್ಷೆಯನ್ನು ಯಾರು ಯಾವುದಕ್ಕೆ ಬಳಸಿದರು ಎಂಬುದನ್ನು.

ವೇದಕಾಲದಲ್ಲಿ ನಕ್ಷೆ ಇನ್ನೂ ಸಿದ್ಧವಾಗಿರಲಿಲ್ಲ. ಋಗ್ವೇದದ ಯಮ ಸತ್ತವರಲ್ಲಿ ಮೊದಲಿಗ, ಆಚೆಯ ದಾರಿಯನ್ನು ಕಂಡುಕೊಂಡವನು, ಪಿತೃಗಳೊಡನೆ ಬೆಳಕಿನಲ್ಲಿ ಕೂತ ಅರಸ. ಕೆಡುಕರನ್ನು ಕತ್ತಲ ಗುಂಡಿಗೆ ನೂಕಬೇಕೆಂಬ ಪ್ರಾರ್ಥನೆ ಅಲ್ಲಿ ಇದ್ದರೂ ಕಾದ ಕೊಪ್ಪರಿಗೆ, ಮುಳ್ಳಿನ ಮರ ಇಲ್ಲ. ಕಠೋಪನಿಷತ್ತಿನ ಯಮನಂತೂ ಮೂರು ರಾತ್ರಿ ಉಪವಾಸವಿದ್ದ ಹುಡುಗನ ಮುಂದೆ ಅತಿಥಿಸತ್ಕಾರ ತಪ್ಪಿತೆಂದು ಕಳವಳಪಡುವ ಗೃಹಸ್ಥ. ಶತಪಥ ಬ್ರಾಹ್ಮಣದಲ್ಲಿ ಮಾತ್ರ ಮುಂದಿನದರ ಮುನ್ಸೂಚನೆಯಂಥ ಒಂದು ಕತೆ ಬರುತ್ತದೆ. ವರುಣನ ಮಗ ಭೃಗು, ತಾನೇ ಹೆಚ್ಚು ತಿಳಿದವನೆಂಬ ಅಹಂಕಾರ ಬಂದಾಗ, ತಂದೆಯ ಮಾತಿನಂತೆ ದಿಕ್ಕು ದಿಕ್ಕಿಗೆ ಹೋಗುತ್ತಾನೆ. ಅಲ್ಲಿ ಮನುಷ್ಯರು ಮನುಷ್ಯರನ್ನು ಕಡಿಯುತ್ತಿರುವುದನ್ನು ಕಂಡು ನಡುಗುತ್ತಾನೆ. ಆ ಲೋಕದಲ್ಲಿ ಅವರು ನಮಗೆ ಮಾಡಿದ್ದನ್ನೇ ಈಗ ನಾವು ಅವರಿಗೆ ಮಾಡುತ್ತಿದ್ದೇವೆ ಎಂದು ಕಡಿಯುವವರು ಹೇಳುತ್ತಾರೆ. ಇಲ್ಲಿ ತಿಂದ ಪ್ರಾಣಿ, ಕಡಿದ ಮರ ಅಲ್ಲಿ ಮನುಷ್ಯರೂಪ ತಾಳಿ ಎದುರು ನಿಂತಿವೆ. ನ್ಯಾಯಾಧೀಶನಿಲ್ಲ, ಸೇವಕರಿಲ್ಲ. ಮಾಡಿದ್ದು ತಿರುಗಿ ಬಂದಿದೆ, ಅಷ್ಟೇ.

ಹಾಗಾದರೆ ಕಬ್ಬಿಣದ ಗೂಟ, ಕುದಿಯುವ ಹಂಡೆ, ದಂಡ ಹಿಡಿದ ಭಟರು ಎಲ್ಲಿಂದ ಬಂದರು? ಇದಕ್ಕೆ ನನಗೆ ಅತ್ಯಂತ ಪ್ರಾಮಾಣಿಕವಾದ ಉತ್ತರ ಸಿಕ್ಕಿದ್ದು ಪಾಲಿಯ ಮಜ್ಝಿಮ ನಿಕಾಯದಲ್ಲಿ. ಅಲ್ಲಿ ಬಾಲಪಂಡಿತ ಸುತ್ತ, ದೇವದೂತ ಸುತ್ತ ಎಂಬೆರಡು ಸುತ್ತಗಳು ಅಕ್ಕಪಕ್ಕದಲ್ಲಿವೆ. ಬಾಲಪಂಡಿತ ಸುತ್ತ ನರಕಕ್ಕೆ ಹೋಗುವ ಮೊದಲು ರಾಜನ ಸೆರೆಮನೆಗೆ ಹೋಗುತ್ತದೆ. ಸಿಕ್ಕಿಬಿದ್ದ ಕಳ್ಳನಿಗೆ ರಾಜಭಟರು ಕೊಡುವ ಹಿಂಸೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಚಾಟಿಯೇಟು, ಕೈಕಾಲು ಕಡಿಯುವುದು, ಕಿವಿ ಮೂಗು ಕೊಯ್ಯುವುದು, ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಸುಡುವುದು, ಇನ್ನೂ ಹಲವು. ಅದನ್ನು ನೋಡುತ್ತಿರುವ ಮೂಢ, ನನ್ನ ಕೆಲಸವೂ ಇಂಥದ್ದೇ, ರಾಜನಿಗೆ ತಿಳಿದರೆ ನನಗೂ ಇದೇ ಗತಿ ಎಂದು ಒಳಗೊಳಗೇ ಬೇಯುತ್ತಾನೆ. ಆಮೇಲೆ ಬರುವ ನರಕ ಇದೇ ಸೆರೆಮನೆಯ ಹಿಗ್ಗಿದ ರೂಪ. ನರಕದ ಸಾಮಗ್ರಿಯೆಲ್ಲ ಅರಸರ ದಂಡಶಾಲೆಯಿಂದ ಬಂದದ್ದು ಎನ್ನುವುದನ್ನು ಸುತ್ತ ಬಚ್ಚಿಡುವುದೇ ಇಲ್ಲ.

ಈ ಸಾಲ ಮತ್ತೆ ಭೂಮಿಗೇ ತಿರುಗಿ ಬಂದ ಬಗೆ ಅಶೋಕಾವದಾನದಲ್ಲಿದೆ. ಧರ್ಮಕ್ಕೆ ತಿರುಗುವ ಮುಂಚಿನ ಅಶೋಕ ಪಾಟಲಿಪುತ್ರದಲ್ಲಿ ಒಂದು ಸೆರೆಮನೆ ಕಟ್ಟಿಸುತ್ತಾನೆ. ಹೊರಗಿನಿಂದ ನೋಡಿದರೆ ಮನ ಸೆಳೆಯುವ ಕಟ್ಟಡ. ಒಳಹೊಕ್ಕವನು ಜೀವಂತ ಹೊರಬರುವಂತಿಲ್ಲ. ಅದರ ಕೊಲೆಗಾರ ಗಿರಿಕ. ಅವನು ವಿಹಾರಕ್ಕೆ ಹೋದಾಗ ಭಿಕ್ಷುವೊಬ್ಬ ಇದೇ ಬಾಲಪಂಡಿತ ಸೂತ್ರವನ್ನು ಪಠಿಸುತ್ತಿರುತ್ತಾನೆ. ಗಿರಿಕ ಕೂತು ಕೇಳುತ್ತಾನೆ. ಕೇಳಿದ ಒಂದೊಂದು ಹಿಂಸೆಯನ್ನೂ ತನ್ನ ಸೆರೆಮನೆಯಲ್ಲಿ ಜಾರಿಗೆ ತರುತ್ತಾನೆ. ಐದನೆಯ ಶತಮಾನದಲ್ಲಿ ಫಾಹಿಯಾನ, ಏಳನೆಯದರಲ್ಲಿ ಹ್ಯೂಯೆನ್ ತ್ಸಾಂಗ್ ಪಾಟಲಿಪುತ್ರಕ್ಕೆ ಬಂದಾಗಲೂ ಅಶೋಕನ ನರಕವಿದ್ದ ಜಾಗ ಎಂದು ಜನ ಒಂದು ತಾಣವನ್ನು ತೋರಿಸುತ್ತಿದ್ದರು. ಕತೆಯಲ್ಲಿ ಚರಿತ್ರೆ ಎಷ್ಟು ಎಂಬುದಕ್ಕಿಂತ, ಬೌದ್ಧರೇ ಈ ಕತೆಯನ್ನು ಕಟ್ಟಿ ಉಳಿಸಿಕೊಂಡರು ಎಂಬುದು ನನಗೆ ಮುಖ್ಯ. ನರಕದ ವರ್ಣನೆಯನ್ನು ಮನಸ್ಸಿಟ್ಟು ಕೇಳಿದವನೊಬ್ಬ ಅದರಿಂದ ಕಲಿತದ್ದು ಹಿಂಸೆಯ ಕಸುಬನ್ನು. ಭಯದಿಂದ ಜನ ಸರಿದಾರಿಗೆ ಬರುತ್ತಾರೆ ಎನ್ನುವವರು ಗಿರಿಕನಿಗೆ ಉತ್ತರ ಹೇಳಬೇಕಾಗುತ್ತದೆ. ಧರ್ಮಕ್ಕೆ ತಿರುಗಿದ ಮೇಲಿನ ಅಶೋಕ ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಬರೆಸಿದ್ದು, ಚಿಕ್ಕವನೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಲ್ಲ ಎಂದು. ತಂದೆತಾಯಿಯ ಮಾತು ಕೇಳಿ, ಜೀವಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂದು. ಆ ಶಾಸನದಲ್ಲಿ ನರಕದ ಬೆದರಿಕೆಯಿಲ್ಲ.

ದೇವದೂತ ಸುತ್ತದ ಯಮನನ್ನು ಹತ್ತಿರದಿಂದ ನೋಡಬೇಕು. ಕೆಡುಕು ಮಾಡಿ ಸತ್ತವನನ್ನು ಭಟರು ತೋಳು ಹಿಡಿದು ಅವನ ಮುಂದೆ ತಂದು ನಿಲ್ಲಿಸುತ್ತಾರೆ. ಯಮ ತೀರ್ಪು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ತನ್ನ ಮಲಮೂತ್ರದಲ್ಲೇ ಮಲಗಿದ ಹಸುಗೂಸನ್ನು ನೀನು ನೋಡಲಿಲ್ಲವೇ? ಬೆನ್ನು ಬಾಗಿ ಕೋಲೂರಿ ನಡುಗುತ್ತ ನಡೆಯುವ ಮುದುಕರನ್ನು? ಬೇರೆಯವರು ಎತ್ತಿ ಕೂರಿಸಬೇಕಾದ ರೋಗಿಯನ್ನು? ರಾಜಭಟರ ಕೈಗೆ ಸಿಕ್ಕ ಅಪರಾಧಿಯನ್ನು? ಊದಿಕೊಂಡು ಬಿದ್ದ ಹೆಣವನ್ನು? ಈ ಐವರೇ ದೇವದೂತರು. ನೋಡಿದ್ದೆ, ಆದರೆ ಗಮನಿಸಲಿಲ್ಲ ಎನ್ನುತ್ತಾನೆ ಸತ್ತವನು. ಈ ಕೆಲಸವನ್ನು ನಿನ್ನ ತಾಯಿ ಮಾಡಲಿಲ್ಲ, ತಂದೆ ಮಾಡಲಿಲ್ಲ, ದೇವತೆಗಳೂ ಮಾಡಲಿಲ್ಲ, ನೀನೇ ಮಾಡಿದ್ದು, ನೀನೇ ಉಣ್ಣಬೇಕು ಎಂದಷ್ಟೇ ಹೇಳಿ ಯಮ ಮೌನಕ್ಕೆ ಇಳಿಯುತ್ತಾನೆ. ಸುತ್ತದ ಕೊನೆಯಲ್ಲಿ ಅವನಿಗೇ ಒಂದು ಆಸೆ ಹುಟ್ಟುತ್ತದೆ. ತಾನು ಮನುಷ್ಯನಾಗಿ ಹುಟ್ಟಬಾರದೇ, ಬುದ್ಧನೊಬ್ಬ ಲೋಕಕ್ಕೆ ಬಂದಾಗ ಅವನ ಬಳಿ ಕೂತು ಧರ್ಮ ಕೇಳಬಾರದೇ ಎಂದು. ನರಕದ ಒಡೆಯ ತನ್ನ ಹುದ್ದೆಯಿಂದಲೇ ಬಿಡುಗಡೆ ಬಯಸುವುದನ್ನು ನಾನು ಬೇರೆಲ್ಲೂ ಓದಿಲ್ಲ.

ಯಮ ಮೌನವಾದ ಮೇಲೂ ಭಟರು ಉಳಿಯುತ್ತಾರೆ. ಅವರ ಬಗ್ಗೆ ಬೌದ್ಧರು ಶತಮಾನಗಳ ಕಾಲ ವಾದಿಸಿದ್ದಾರೆ. ನರಕದಲ್ಲಿ ಪಾಲಕರಿಲ್ಲ, ಕರ್ಮವೇ ಆ ರೂಪ ತಾಳಿ ಬಾಧಿಸುತ್ತದೆ ಎಂದು ಅಂಧಕರೆಂಬ ಪಂಥದವರು ಹೇಳುತ್ತಿದ್ದುದನ್ನು ಪಾಲಿಯ ಕಥಾವತ್ಥು ದಾಖಲಿಸಿ, ಒಪ್ಪದೆ ತಳ್ಳಿಹಾಕುತ್ತದೆ. ನಾಲ್ಕು-ಐದನೆಯ ಶತಮಾನದ ವಸುಬಂಧು ತನ್ನ ವಿಂಶತಿಕಾದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು ಅದರ ಬುಡಕ್ಕೇ ಹೋಗುತ್ತಾನೆ. ಅವನ ತರ್ಕ ಹೀಗೆ ಸಾಗುತ್ತದೆ. ಭಟರೂ ನರಕದಲ್ಲಿ ಹುಟ್ಟಿದ ಜೀವಿಗಳಾದರೆ ಅವರೂ ಅಲ್ಲಿನ ನೋವನ್ನು ಅನುಭವಿಸಬೇಕು. ನೆಲ ಉರಿಯುವ ಕಬ್ಬಿಣ. ಆ ಉರಿ ಅವರಿಗೂ ತಟ್ಟಿದರೆ ಅದರ ಮೇಲೆ ನಿಂತು ಇನ್ನೊಬ್ಬರನ್ನು ಹಿಂಸಿಸುವುದು ಹೇಗೆ? ಎಲ್ಲರೂ ಪರಸ್ಪರ ಹಿಂಸಿಸುವವರಾದರೆ ಇವನು ಭಟ, ಇವನು ಕೈದಿ ಎಂಬ ಭೇದವೇ ಉಳಿಯುವುದಿಲ್ಲ. ಸ್ವರ್ಗದಲ್ಲಿ ಪ್ರಾಣಿಗಳಿರುವಂತೆ ಇವರೂ ಅಲ್ಲಿ ಹುಟ್ಟಿದ ಬೇರೆ ಜಾತಿಯವರು ಎನ್ನೋಣವೇ? ಅದೂ ಆಗದು, ಸ್ವರ್ಗದ ಪ್ರಾಣಿಗಳು ಸ್ವರ್ಗದ ಸುಖವನ್ನು ಉಣ್ಣುತ್ತವೆ, ನರಕದ ಭಟರು ನರಕದ ದುಃಖವನ್ನು ಉಣ್ಣುವುದಿಲ್ಲ. ಕೈದಿಗಳ ಕರ್ಮಬಲದಿಂದ ಮಹಾಭೂತಗಳೇ ಭಟರ ಆಕಾರ ತಾಳಿವೆ ಎಂದು ಎದುರಾಳಿ ಕೊನೆಗೆ ಒಪ್ಪಂದಕ್ಕೆ ಬರುತ್ತಾನೆ. ಕರ್ಮದ ಸಂಸ್ಕಾರ ಚಿತ್ತದಲ್ಲಿ ಇರುವಾಗ ಅದರ ಫಲ ಮಾತ್ರ ಹೊರಗೆ ಬೇರೆಲ್ಲೋ ಏಕಿರಬೇಕು, ಚಿತ್ತವೇ ಹಾಗೆ ಪರಿಣಮಿಸಿತು ಎನ್ನಲು ಅಡ್ಡಿಯೇನು ಎಂದು ವಸುಬಂಧು ಕೇಳುತ್ತಾನೆ.

ಇದನ್ನು ತತ್ವಶಾಸ್ತ್ರದ ಚಮತ್ಕಾರವೆಂದು ಬದಿಗಿಡುವ ಮುನ್ನ ಅದರ ನೈತಿಕ ಪರಿಣಾಮವನ್ನು ಗಮನಿಸಬೇಕು. ಭಟನಿಲ್ಲದ ನರಕದಲ್ಲಿ ಇನ್ನೊಬ್ಬರನ್ನು ಸುಡುವ ಅಧಿಕಾರ ಯಾರಿಗೂ ಇಲ್ಲ. ದೇವರ ಪರವಾಗಿ, ಧರ್ಮದ ಪರವಾಗಿ, ಸಂಘದ ಪರವಾಗಿ ಬೆಂಕಿ ಹಚ್ಚುವ ಹುದ್ದೆಯೇ ಅಲ್ಲಿ ಖಾಲಿ. ಸಂಜೀವ ನರಕದ ಬೌದ್ಧ ವರ್ಣನೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಅಲ್ಲಿಯವರು ಒಬ್ಬರನ್ನೊಬ್ಬರು ಕಡಿದು ಬೀಳುತ್ತಾರೆ, ತಣ್ಣನೆಯ ಗಾಳಿ ಬೀಸುತ್ತದೆ, ಮತ್ತೆ ಜೀವ ಬರುತ್ತದೆ, ಮತ್ತೆ ಕಡಿದಾಟ. ನರಕದ ಆಯುಧಗಳನ್ನು ಯಾರು ಮಾಡಿಟ್ಟರು ಎಂದು ಕೇಳಿದ ಬೌದ್ಧ ಆಚಾರ್ಯ ಶಾಂತಿದೇವನೂ ಪಾಪಚಿತ್ತವನ್ನೇ ಬೆರಳು ಮಾಡಿ ತೋರಿಸುತ್ತಾನೆ.

ಹಿಂದೂ ಪರಂಪರೆ ಭಟರನ್ನು ಕೈಬಿಡಲಿಲ್ಲ. ಯಮನಿಗೆ ಆಸ್ಥಾನ ಬಂತು, ಚಿತ್ರಗುಪ್ತನ ಲೆಕ್ಕದ ಪುಸ್ತಕ ಬಂತು, ದಾಟಲು ವೈತರಣಿ ಬಂತು. ಹಾಗೆಂದು ಒಳನೋಟ ಕಾಣೆಯಾಗಲಿಲ್ಲ. ನರಕದ ಮೂರು ಬಾಗಿಲುಗಳೆಂದು ಗೀತೆ ಹೆಸರಿಸುವುದು ಕಾಮ, ಕ್ರೋಧ, ಲೋಭಗಳನ್ನು. ಮೂರೂ ಮನುಷ್ಯನೊಳಗೇ ತೆರೆಯುವಂಥವು. ಬಸವಣ್ಣ ಸ್ವರ್ಗ ನರಕಗಳನ್ನು ಒಬ್ಬರು ಇನ್ನೊಬ್ಬರನ್ನು ಕರೆಯುವ ದನಿಯಲ್ಲೇ ಕಂಡ. ಭಾಗವತದ ಐದನೆಯ ಸ್ಕಂಧ 28 ನರಕಗಳನ್ನು ಎಣಿಸುವಾಗ ಅಧಿಕಾರಸ್ಥರನ್ನು ಬಿಡುವುದಿಲ್ಲ. ಊರು ದೋಚುವ ರಾಜಪುರುಷರಿಗೆ ಅಲ್ಲಿ ನರಕವಿದೆ, ಸುಳ್ಳುಸಾಕ್ಷಿಗಿದೆ, ಮನೆಗೆ ಬಂದ ಅತಿಥಿಯನ್ನು ಕೆಂಗಣ್ಣಿನಿಂದ ನೋಡಿದವನಿಗೂ ಇದೆ. ಇವುಗಳನ್ನು ಬರೆದ ಕೈಗೆ ನ್ಯಾಯದ ಹಸಿವಿತ್ತು.

ಆದರೆ ಅದೇ ಕೈ ಇನ್ನೊಂದನ್ನೂ ಬರೆಯಿತು. ಸೂಕರಮುಖ ಎಂಬ ನರಕವನ್ನು ನೋಡಿ. ನಿರಪರಾಧಿಯನ್ನು ದಂಡಿಸಿದ ರಾಜನೋ ಅಧಿಕಾರಿಯೋ ಅಲ್ಲಿ ಕಬ್ಬಿನಂತೆ ಅರೆಯಲ್ಪಡುತ್ತಾನೆ. ಅದೇ ವಾಕ್ಯದಲ್ಲಿ, ಬ್ರಾಹ್ಮಣನಿಗೆ ಶರೀರದಂಡನೆ ಕೊಟ್ಟವನಿಗೂ ಅದೇ ಗತಿ. ಬ್ರಾಹ್ಮಣ ತಪ್ಪಿತಸ್ಥನೋ ಅಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಮನುಸ್ಮೃತಿ 21 ನರಕಗಳನ್ನು ಹೇಳುವುದು ಶಾಸ್ತ್ರ ಮೀರಿದ ಲೋಭಿ ರಾಜನಿಂದ ದಾನ ತೆಗೆದುಕೊಂಡವನಿಗೆ. ಎಷ್ಟು ಒಳ್ಳೆಯ ಮಾತು! ಅದೇ ಅಧ್ಯಾಯದಲ್ಲಿ, ಕೆಲವೇ ಶ್ಲೋಕಗಳ ಹಿಂದೆ, ಶೂದ್ರನಿಗೆ ಧರ್ಮ ಬೋಧಿಸಿದವನು ಅವನೊಂದಿಗೇ ನರಕದಲ್ಲಿ ಮುಳುಗುತ್ತಾನೆ ಎಂದಿದೆ. ಪಾಪವೆಂದರೆ ಇನ್ನೊಂದು ಜೀವಕ್ಕೆ ಕೊಟ್ಟ ನೋವು ಎಂಬ ಅಳತೆ ಇಲ್ಲಿ ಕಳಚಿಬಿದ್ದಿದೆ. ಪಾಪವೆಂದರೆ ಗೆರೆ ದಾಟುವುದು ಎಂದಾಗಿದೆ. ಗೆರೆ ಎಳೆದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬೌದ್ಧರು ಇದರಿಂದ ಪಾರಾದರು ಎಂದು ಯಾರಾದರೂ ನೆಮ್ಮದಿಪಟ್ಟರೆ ಅದು ಅರೆ ಓದಿನ ನೆಮ್ಮದಿ. ಸದ್ಧರ್ಮಪುಂಡರೀಕ ಸೂತ್ರ ತನ್ನನ್ನು ನಿಂದಿಸಿದವರನ್ನು ಅವೀಚಿಗೆ ಕಳಿಸುತ್ತದೆ. ಚೀನಾದಲ್ಲಿ ಹುಟ್ಟಿ ಜಪಾನಿಗೂ ಹಬ್ಬಿದ ರಕ್ತಕುಂಡ ಸೂತ್ರ, ಹೆರಿಗೆಯ ಮತ್ತು ಮುಟ್ಟಿನ ನೆತ್ತರಿನ ಕಾರಣಕ್ಕೇ ಹೆಂಗಸರನ್ನು ನೆತ್ತರ ಹೊಂಡದಲ್ಲಿ ನಿಲ್ಲಿಸಿತು. ಹೆತ್ತದ್ದೇ ತಪ್ಪಾಯಿತು, ಬಿಡಿಸಿಕೊಳ್ಳಲು ಮಕ್ಕಳು ಪೂಜೆ ಮಾಡಿಸಬೇಕಾಯಿತು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಮೇಲೆ ಹೇಳಿದ ಅದೇ ಬಾಲಪಂಡಿತ ಸುತ್ತ. ಮೂಢ ನರಕದಿಂದ ಕೊನೆಗೆ ಮನುಷ್ಯಜನ್ಮಕ್ಕೆ ಬಂದರೂ ಚಂಡಾಲರ, ಬೇಡರ, ಬಿದಿರು ಕೆಲಸದವರ, ರಥ ಮಾಡುವವರ, ಪುಕ್ಕುಸರ ಬಡಕುಲಗಳಲ್ಲಿ ಹುಟ್ಟುತ್ತಾನೆ ಎನ್ನುತ್ತದೆ ಅದು. ಮನುಸ್ಮೃತಿಯ ಹನ್ನೆರಡನೆಯ ಅಧ್ಯಾಯವೂ ಮಹಾಪಾಪಿಗಳನ್ನು ನರಕದ ನಂತರ ಇಂಥದೇ ಹುಟ್ಟುಗಳಿಗೆ ಕಳಿಸುತ್ತದೆ. ಇಲ್ಲಿ ನರಕ ಪಾತಾಳದಲ್ಲಿ ಉಳಿಯಲಿಲ್ಲ, ಊರಾಚೆಯ ಕೇರಿಗೆ ಬಂತು. ಕಣ್ಣೆದುರಿನ ಮನುಷ್ಯನ ಬಡತನ, ಅವನ ಮೇಲಿನ ಮುಟ್ಟುತಟ್ಟು ಅವನದೇ ಹಳೆಯ ಪಾಪದ ಬಾಕಿಯಾಗಿ ಕಾಣತೊಡಗಿದ ಮೇಲೆ, ಅನ್ಯಾಯ ಮಾಡುವವನ ಕೈಗೆ ಕಲೆ ಅಂಟುವುದೇ ಇಲ್ಲ. ಬಾಬಾಸಾಹೇಬ್ ಅಂಬೇಡ್ಕರರು 1957ರಲ್ಲಿ ಪ್ರಕಟವಾದ ತಮ್ಮ ಬುದ್ಧನ ಕುರಿತ ಗ್ರಂಥದಲ್ಲಿ ಹಿಂದಿನ ಜನ್ಮದ ಕರ್ಮ ಇಂದಿನ ಸ್ಥಿತಿಗೆ ಕಾರಣವೆಂಬ ವಿವರಣೆಯನ್ನು ತಿರಸ್ಕರಿಸಿದರು. ಬೌದ್ಧ ಪಾಠಕ್ಕೆ ಅವರು ನಿಷ್ಠರಾಗಿದ್ದರೇ ಎಂದು ಪಂಡಿತರು ಆಕ್ಷೇಪಿಸುತ್ತಾರೆ. ಆ ವಿವರಣೆಯ ಭಾರವನ್ನು ಮೈಮೇಲೆ ಹೊತ್ತ ಸಮುದಾಯದಿಂದ ಬಂದವರು ಅದನ್ನು ಕಿತ್ತು ಎಸೆದದ್ದು ನನಗೆ ಬುದ್ಧನಿಗೆ ತೋರಿದ ನಿಷ್ಠೆಯಾಗಿಯೇ ಕಾಣುತ್ತದೆ. ಯಮ ಕೇಳಿದ್ದು, ದೀನರನ್ನು ಕಂಡಾಗ ನಿನಗೆ ನಿನ್ನ ನೆನಪಾಗಲಿಲ್ಲವೇ ಎಂದು. ಆ ದೀನ ಹಿಂದೆ ಏನು ಮಾಡಿದ್ದ ಎಂದು ಲೆಕ್ಕಹಾಕಲು ಅವನು ಹೇಳಲಿಲ್ಲ.

ಪಾಪವೆಂದರೆ ಇನ್ನೊಂದು ಜೀವಕ್ಕೆ ಕೊಟ್ಟ ನೋವು ಎಂಬ ಅಳತೆಯನ್ನು ಬುದ್ಧ ಎಷ್ಟು ನಿಷ್ಠುರವಾಗಿ ಹಿಡಿದ ಎಂಬುದಕ್ಕೆ ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಸೈನಿಕರ ಮುಖಂಡನೊಬ್ಬ ಬಂದು, ಯುದ್ಧದಲ್ಲಿ ಹೋರಾಡುತ್ತ ಸತ್ತವನು ದೇವಲೋಕ ಸೇರುತ್ತಾನೆ ಎಂದು ನಮ್ಮ ಹಿರಿಯರು ಹೇಳುತ್ತಾರೆ, ನೀವೇನನ್ನುತ್ತೀರಿ ಎಂದು ಕೇಳುತ್ತಾನೆ. ಬೇಡ, ಅದನ್ನು ಕೇಳಬೇಡ ಎಂದು ಬುದ್ಧ ಎರಡು ಸಲ ತಡೆಯುತ್ತಾನೆ. ಮೂರನೆಯ ಸಲ ಹೇಳುತ್ತಾನೆ: ಇವರೆಲ್ಲ ಸಾಯಲಿ ಎಂಬ ಮನಸ್ಸಿನಲ್ಲೇ ಸತ್ತವನಿಗೆ ಸಿಗುವುದು ಸರಾಜಿತ ಎಂಬ ನರಕ. ಮುಖಂಡ ಅಳುತ್ತಾನೆ. ನೀವು ಹೇಳಿದ್ದಕ್ಕೆ ಅಳುತ್ತಿಲ್ಲ, ಇಷ್ಟು ಕಾಲ ಹಿರಿಯರು ನಮ್ಮನ್ನು ವಂಚಿಸಿದರಲ್ಲ ಎಂದು ಅಳುತ್ತಿದ್ದೇನೆ ಎನ್ನುತ್ತಾನೆ. ಸತ್ತರೆ ಸ್ವರ್ಗ, ಗೆದ್ದರೆ ಭೂಮಿ ಎಂಬ ಗೀತೆಯ ಭರವಸೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ನಮ್ಮ ಊರೂರಿನ ವೀರಗಲ್ಲುಗಳ ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ದನ ಕಾಯಲು, ಹೆಣ್ಣಿನ ಮಾನ ಉಳಿಸಲು ಜೀವ ಕೊಟ್ಟವರ ಕಲ್ಲಿನ ಮುಂದೆ ನನಗೂ ತಲೆ ಬಾಗುತ್ತದೆ. ಆದರೆ ಅದೇ ಅಪ್ಸರೆಯರು ಅರಸನ ದುರಾಸೆಗೆ ಬಲಿಯಾದ ಬಡ ಸೈನಿಕನಿಗೂ ಸಿಕ್ಕರು. ಸ್ವರ್ಗದ ಆಸೆ ತೋರಿಸುವುದೂ ನರಕದ ಭಯ ತೋರಿಸುವುದೂ ಒಂದೇ ಆಡಳಿತದ ಎರಡು ಕೈಗಳಾಗಬಲ್ಲವು.

ಎರಡೂ ಪರಂಪರೆಗಳಲ್ಲಿ ನರಕಕ್ಕೆ ಸಾಮಾನ್ಯವಾಗಿ ಕೊನೆಯುಂಟು. ಕರ್ಮ ಸವೆದ ಮೇಲೆ ಬಿಡುಗಡೆ. ಅವಧಿ ಮಾತ್ರ ಊಹೆಗೆ ನಿಲುಕದು: ಒಂದು ಗಾಡಿ ತುಂಬ ಎಳ್ಳಿಟ್ಟು ನೂರು ವರ್ಷಕ್ಕೊಂದು ಕಾಳು ತೆಗೆದರೆ, ಗಾಡಿ ಖಾಲಿಯಾದರೂ ಅಬ್ಬುದ ನರಕದ ಆಯಸ್ಸು ಮುಗಿದಿರುವುದಿಲ್ಲ ಎನ್ನುತ್ತದೆ ಸುತ್ತನಿಪಾತ. ಆದರೂ ಅದು ಮುಗಿಯುತ್ತದೆ. ಇದಕ್ಕೆ ದೊಡ್ಡ ಅಪವಾದ ನಮ್ಮ ನಾಡಿನಿಂದಲೇ ಬಂತು. ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮೂರು ಬಗೆಯಾಗಿ ವಿಂಗಡಿಸಿದರು: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ತಮೋಯೋಗ್ಯರು ಸೇರುವ ಅಂಧಂತಮಸ್ಸಿನಿಂದ ಮರಳುವ ದಾರಿಯಿಲ್ಲ. ಜೀವರ ಸ್ವರೂಪ ಅನಾದಿ, ಅದು ಬದಲಾಗದು ಎಂದ ಮೇಲೆ ಈ ತೀರ್ಮಾನ ತರ್ಕಬದ್ಧವೇ. ಆಚಾರ್ಯರು ತಮ್ಮ ಸಿದ್ಧಾಂತದ ಕಷ್ಟದ ತುದಿಯವರೆಗೂ ಅಂಜದೆ ನಡೆದರು. ನನಗೆ ಒಪ್ಪಿಗೆಯಾಗದಿರುವುದು ಆ ಮೊದಲ ಹೆಜ್ಜೆಯೇ. ಬೇರೆಯಾಗುವ ಸಾಧ್ಯತೆಯೇ ಇಲ್ಲದವನಿಗೆ ಹೊಣೆ ಹೊರಿಸುವುದು ಹೇಗೆ? ಮಹಾಯಾನದಲ್ಲೂ ಇಚ್ಛಂತಿಕರೆಂಬ, ಬೋಧಿಗೆ ಎಂದೂ ಅರ್ಹರಲ್ಲದವರ ಕಲ್ಪನೆಯಿತ್ತು. ಐದನೆಯ ಶತಮಾನದ ಚೀನಾದಲ್ಲಿ ತಾವೊಶೆಂಗ್ ಎಂಬ ಭಿಕ್ಷು ಅವರಲ್ಲೂ ಬುದ್ಧತ್ವವಿದೆ ಎಂದು ವಾದಿಸಿ ಬಹಿಷ್ಕಾರಕ್ಕೆ ಗುರಿಯಾದ. ಆಮೇಲೆ ಮಹಾಪರಿನಿರ್ವಾಣ ಸೂತ್ರದ ಪೂರ್ಣ ಅನುವಾದ ಬಂದಾಗ ಸೂತ್ರವೇ ಅವನ ಪಕ್ಷದಲ್ಲಿತ್ತು.

ನರಕವನ್ನು ಆಳವಾಗಿ ಯೋಚಿಸಿದವರು ಕೊನೆಗೆ ತಲುಪಿದ ಜಾಗ ಎರಡೂ ಕಡೆ ಒಂದೇ ಎಂಬುದು ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದೆ. ಮಹಾಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯ ನರಕದ ದುರ್ಗಂಧದ ದಾರಿಯಲ್ಲಿ ತಿರುಗಿ ಹೊರಟಾಗ, ನಿನ್ನ ಮೈಗಾಳಿ ಸೋಕಿ ನಮಗೆ ಹಿತವಾಗುತ್ತಿದೆ, ತುಸು ನಿಲ್ಲು ಎಂಬ ದನಿಗಳು ಕೇಳುತ್ತವೆ. ದನಿ ತಮ್ಮಂದಿರದು, ದ್ರೌಪದಿಯದು, ಕರ್ಣನದು. ಅವನು ದೇವದೂತನನ್ನು ಹಿಂದಕ್ಕೆ ಕಳಿಸಿ ಅಲ್ಲೇ ನಿಲ್ಲುತ್ತಾನೆ. (ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುವುದರಿಂದ ಗಮಕ ಕೇಳಿ ಬೆಳೆದವರಿಗೂ ಈ ಭಾಗದ ಪರಿಚಯ ಕಡಿಮೆ, ದೊಡ್ಡ ನಷ್ಟ.) ಆದರೂ ಅವನು ನಿಂತದ್ದು ತನ್ನವರಿಗಾಗಿ. ಮಾರ್ಕಂಡೇಯ ಪುರಾಣದ ವಿಪಶ್ಚಿತ್ ರಾಜ ಅದನ್ನೂ ದಾಟುತ್ತಾನೆ. ಸಣ್ಣದೊಂದು ದೋಷಕ್ಕೆ ನರಕ ನೋಡಿ ಹೊರಟವನನ್ನು ಗುರುತು ಪರಿಚಯವಿಲ್ಲದ ಪಾಪಿಗಳು ಅದೇ ಮಾತಿನಿಂದ ತಡೆಯುತ್ತಾರೆ. ನೊಂದವರ ನೋವು ಇಳಿಸುವುದರಲ್ಲಿರುವ ಸುಖ ಸ್ವರ್ಗದಲ್ಲಾಗಲಿ ಬ್ರಹ್ಮಲೋಕದಲ್ಲಾಗಲಿ ಇಲ್ಲವೆಂದು ಅವನು ಹೊರಡಲು ಒಪ್ಪುವುದಿಲ್ಲ. ಕರೆದೊಯ್ಯಲು ಧರ್ಮ, ಇಂದ್ರರೇ ಬರುತ್ತಾರೆ. ತನ್ನ ಪುಣ್ಯದಿಂದ ಇವರೆಲ್ಲ ಬಿಡುಗಡೆಯಾಗಲಿ ಎಂದು ಅವನು ಕೇಳುತ್ತಾನೆ, ಅವರು ಬಿಡುಗಡೆಯಾಗುತ್ತಾರೆ. ಪೂರ್ವ ಏಷ್ಯಾದ ಬೌದ್ಧರು ಕ್ಷಿತಿಗರ್ಭ ಬೋಧಿಸತ್ವನ ಬಾಯಲ್ಲಿ ಇಟ್ಟ ಪ್ರತಿಜ್ಞೆ ಇದರ ತದ್ರೂಪ: ನರಕಗಳು ಬರಿದಾಗುವ ತನಕ ತಾನು ಬುದ್ಧನಾಗೆ. ಇವರ್ಯಾರೂ ಕೈದಿಗಳ ಹಳೆಯ ಕಡತ ತೆರೆದು ನೋಡಲಿಲ್ಲ.

ಸೂತಕದ ಹತ್ತು ದಿನಗಳಲ್ಲಿ ಗರುಡ ಪುರಾಣ ಓದಿಸುವ ರೂಢಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಈಗಷ್ಟೇ ತಾಯಿಯನ್ನೋ ಗಂಡನನ್ನೋ ಕಳೆದುಕೊಂಡವರು ಕೂತು ವೈತರಣಿಯ ಕೀವು ನೆತ್ತರುಗಳ ವರ್ಣನೆ ಕೇಳುತ್ತಾರೆ, ಸತ್ತ ಜೀವ ಅದನ್ನು ದಾಟಲು ಗೋದಾನವಾಗಬೇಕೆಂಬುದನ್ನೂ ಕೇಳುತ್ತಾರೆ. ಕೊಡುವ ಶಕ್ತಿಯಿಲ್ಲದ ಮನೆಯಲ್ಲಿ ಆ ಮಾತು ದುಃಖದ ಮೇಲೆ ಅಪರಾಧದ ಭಾರವನ್ನೂ ಹೇರುತ್ತದೆ. ಓದುವುದನ್ನೇ ನಿಲ್ಲಿಸಿ ಎಂದು ನಾನು ಹೇಳಲಾರೆ. ಸಾವಿನ ಮನೆಯಲ್ಲಿ ಒಂದು ದನಿ ಓದುತ್ತ ಇರುವುದು ಎಷ್ಟೋ ಜನಕ್ಕೆ ಆಸರೆ. ಓದಿಸುವವರು ಪುಸ್ತಕವನ್ನು ಬದಲಿಸಬಹುದು. ಮಾರ್ಕಂಡೇಯ ಪುರಾಣವೂ ಪುರಾಣವೇ, ಅದೇ ಪುರೋಹಿತರು ಅದನ್ನೂ ಓದಬಲ್ಲರು, ವಿಪಶ್ಚಿತ್ ರಾಜನ ಕತೆಗೆ ಒಂದು ಸಂಜೆ ಸಾಕು.